ದೀಪಸ್ತಂಭದವನ ಹೆಂಡತಿ ಬರೆದ ಪತ್ರ

ಮಗಳ ಡ್ರಾಯರಿನಲ್ಲಿ ಸಿಕ್ಕ ಹಾಳೆಯನ್ನು ಓದುತ್ತ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಕೈಯಲ್ಲಿದ್ದ ಪೆನ್ನು ಜಾರಿ ಮಂಚದ ಕೆಳಗೆ ಉರುಳಿಹೋಯಿತು.

"ನೀನು ಇದನ್ನು ಓದುವ ಹೊತ್ತಿಗೆ ನಾನು ಹೊರಟುಹೋಗಿರುತ್ತೇನೆ. ಹುಡುಕಬೇಡ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಅದೊಂದನ್ನು ನಂಬು. ಈ ಮನೆಯಲ್ಲಿ ಬಾಗಿಲು ಸದ್ದು ಮಾಡಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನೋ ಮುದುಡಿಕೊಳ್ಳುತ್ತದೆ. ಇನ್ನು ನನ್ನ ಕೈಲಿ ಆಗುವುದಿಲ್ಲ. ಒಲೆಯ ಮೇಲೆ ಹಾಲಿದೆ, ಬಿಸಿ ಮಾಡಿಕೊಂಡು ಕುಡಿ. ನೀರಿನ ಹತ್ತಿರ ಹೋದಾಗ ನನ್ನನ್ನು"

ಹಾಳೆ ಅಲ್ಲಿಗೆ ಮುಗಿದಿತ್ತು. ಹಿಂದೆ ತಿರುಗಿಸಿದಳು, ಖಾಲಿ. ಡ್ರಾಯರಿನಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಸುರಿದಳು. ರಬ್ಬರು, ಕೂದಲ ಕ್ಲಿಪ್ಪು, ಮುರಿದ ಸ್ಕೇಲು, ಚಾಕಲೇಟಿನ ಕಾಗದ ಸಿಕ್ಕವು. ಎರಡನೆಯ ಹಾಳೆ ಸಿಗಲಿಲ್ಲ. ಬರಹ ಮಗಳದೇ. ಅಕ್ಷರದ ಕೊಂಬುಗಳನ್ನು ಅಷ್ಟುದ್ದ ಎಳೆಯುವವರು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ. ಅದೂ ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲ. ಪತ್ರಕ್ಕೆಂದೇ ಅಂಗಡಿಯಲ್ಲಿ ಮಾರುತ್ತಾರಲ್ಲ, ಅಂಥ ದಪ್ಪನೆಯ ಕಾಗದ.

ಅವಳು ಹುಡುಕಲು ಹೋದದ್ದು ಪೆನ್ನನ್ನು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಕೊರೆದು ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಕಣ್ಣಿನ ಪಾಪೆ ಬರುವ ಜಾಗದಲ್ಲಿ ಗಾಜಿನ ಮೇಲೊಂದು ಚುಕ್ಕೆ ಇಡಬೇಕು, ಚುಕ್ಕೆ ಇಡುವ ಪೆನ್ನು ಒಣಗಿತ್ತು. ಮಗಳ ಹತ್ತಿರ ಸಣ್ಣ ಮೊನೆಯದು ಇರುತ್ತದೆ, ಒಂದು ದಿನದ ಮಟ್ಟಿಗೆ ತೆಗೆದುಕೊಂಡರಾಯಿತು ಎಂದು ಡ್ರಾಯರಿಗೆ ಕೈ ಹಾಕಿದ್ದಳು. ಅಷ್ಟಕ್ಕೆ ಇಷ್ಟಾಯಿತು.

ಅಡುಗೆಮನೆಗೆ ಓಡಿದಳು. ಒಲೆಯ ಮೇಲೆ ಹಾಲಿನ ಪಾತ್ರೆ ಇತ್ತು, ಮೇಲೊಂದು ತಟ್ಟೆ ಮುಚ್ಚಿತ್ತು. ದಿನವೂ ಅದು ಅಲ್ಲೇ ಇರುತ್ತದೆ, ದಿನವೂ ಅದರ ಮೇಲೆ ತಟ್ಟೆ ಇರುತ್ತದೆ. ಆದರೂ ಅದನ್ನು ನೋಡಿದ ಕೂಡಲೇ ಗೋಡೆ ಹಿಡಿದು ನಿಂತಳು. ಏಳೂವರೆಗೆ ಹೋಗುವಾಗ ಮಗಳು ಏನೆಂದಳು? "ಹೋಗ್ಬರ್ತೀನಮ್ಮಾ" ಎಂದಳೋ, "ಹೋಗ್ತೀನಮ್ಮಾ" ಎಂದಳೋ? ಹಾಳಾದ ಮಿಕ್ಸಿಯ ಗದ್ದಲದಲ್ಲಿ ಸರಿಯಾಗಿ ಕೇಳಿಸಿರಲಿಲ್ಲ. ಹೂಂ ಎಂದುಬಿಟ್ಟಿದ್ದಳು.

ಗಂಡನಿಗೆ ಫೋನ್ ಮಾಡಬೇಕೆಂದು ಬೆರಳು ಹೋಯಿತು, ಅಲ್ಲೇ ನಿಂತಿತು. ಅವನು ದೂರದ ಲಾರಿ ಓಡಿಸುವವನು. ಹದಿನೈದು ದಿನಕ್ಕೊಮ್ಮೆ ಬರುತ್ತಾನೆ, ಎರಡು ದಿನ ಇರುತ್ತಾನೆ, ಆ ಎರಡು ದಿನ ಮನೆಯಲ್ಲಿ ಯಾರೂ ಚಮಚ ಕೂಡ ಸದ್ದಾಗುವಂತೆ ಇಡುವುದಿಲ್ಲ. ಮೊದಲು ಊರಿನಲ್ಲೇ ಕೆಲಸ ಮಾಡುತ್ತಿದ್ದಾಗ ಅದು ದಿನದಿನದ ಪಾಡಾಗಿತ್ತು. ಈಗ ಫೋನ್ ಮಾಡಿದರೆ ಅವನು ಮೊದಲು ಕೇಳುವುದೇ "ನೀನೇನು ಮಾಡಿದೆ ಅವಳಿಗೆ?" ಎಂದು. ನಾಳೆ ಬೆಳಿಗ್ಗೆ ಹೇಗೂ ಬರುವವನಿದ್ದ. ಫೋನನ್ನು ಬ್ಯಾಗಿಗೆ ಹಾಕಿ ಚಪ್ಪಲಿ ಮೆಟ್ಟಿದಳು.

ಶಾಲೆಗೆ ನಡೆದರೆ ಇಪ್ಪತ್ತು ನಿಮಿಷ. ಅವಳು ನಡೆಯಲಿಲ್ಲ, ಓಡಲೂ ಇಲ್ಲ, ಎರಡರ ನಡುವಿನದೇನನ್ನೋ ಮಾಡಿದಳು. ಶಾಲೆಯ ಫೋನಿಗೆ ಮಾಡಿದರೆ ಕುಯ್ಯೋ ಎನ್ನುತ್ತಿತ್ತು. ಅಂಗಡಿಯ ಯಜಮಾನರಿಗೆ ಮಾಡಿದಳು.

"ಸಾರ್, ನಾನಿವತ್ತು ಲೇಟಾಗಿ ಬರ್ತೀನಿ."

"ಅಯ್ಯೋ, ಆ ಬ್ಯಾಂಕಿನ ಮೇಡಂ ಹತ್ತು ಗಂಟೆಗೆ ಬರ್ತಾರಲ್ಲಮ್ಮಾ! ಅವರು ಹೇಗೆ ಅಂತ ನಿನಗೆ ಗೊತ್ತಲ್ಲ."

"ಬರ್ಲಿ ಬಿಡಿ ಸಾರ್."

ಹನ್ನೊಂದು ವರ್ಷದಲ್ಲಿ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಯಜಮಾನರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಟ್ ಮಾಡಿದ್ದಳು.

ದಾರಿಯುದ್ದಕ್ಕೂ ಮಗಳಿಗೆ ಬೈದದ್ದೆಲ್ಲ ಸಾಲಾಗಿ ನೆನಪಾಯಿತು. ಈ ವರ್ಷ ಇಡೀ ಶಾಲೆಯಿಂದ ಹದಿನಾಲ್ಕು ಮಕ್ಕಳನ್ನು ಆರಿಸಿ 'ವಿಶ್ವಸಾಹಿತ್ಯ ಮತ್ತು ರಚನೆ' ಎಂಬ ಮೇಲ್ದರ್ಜೆಯ ತರಗತಿಗೆ ಹಾಕಿದ್ದರು. ಅದರಲ್ಲಿ ಮಗಳ ಹೆಸರು ಬಂದ ದಿನ ಅವಳು ಅಂಗಡಿಯಲ್ಲೆಲ್ಲ ಹೇಳಿಕೊಂಡು ಓಡಾಡಿದ್ದಳು. ಮನೆಯಲ್ಲಿ ಮಾತ್ರ, "ವಿಶ್ವ ಎಲ್ಲಾ ಓದ್ತೀಯ, ನಿನ್ನ ಹಾಸಿಗೆ ಮಡಚೋಕೆ ಬರಲ್ಲ" ಎಂದಿದ್ದಳು. ಎಂಥಾ ಬಾಯಿ ತನ್ನದು! ಮೊನ್ನೆ ಮಗಳು ಯಾವುದೋ ದಪ್ಪ ಕಾದಂಬರಿ ಹಿಡಿದು, "ಅಮ್ಮ, ಇದರಲ್ಲಿ ಒಂದು ಕಡೆ ಏನಾಗತ್ತೆ ಗೊತ್ತಾ" ಎಂದು ಬಂದಾಗ, "ಮೊದಲು ಪಾತ್ರೆ ತೊಳಿ" ಎಂದಿದ್ದಳು. ಹಿಂದೆ ಯಾವಾಗಲೋ ಹಳದಿ ಫ್ರಾಕು ಕಾಣದೆ ಎರಡು ದಿನ ಅತ್ತಾಗ, "ಒಂದು ಬಟ್ಟೆ ಕಳೆದುಹೋದ್ರೆ ಯಾರೂ ಸಾಯಲ್ಲ" ಎಂದಿದ್ದಳು. ಸಾಯುವ ಮಾತು ಈಗ ತಾನಾಗಿ ಬಂದು ಎದೆಯಲ್ಲಿ ಕೂತಿತು. ಪತ್ರದಲ್ಲಿ ನೀರಿನ ಹತ್ತಿರ ಅಂತ ಯಾಕೆ ಬರೆದಳು? ಈ ಊರಿನಲ್ಲಿ ನೀರು ಎಂದರೆ ರೈಲು ನಿಲ್ದಾಣದ ಆಚೆಯ ಕೆರೆ ಒಂದೇ. ದೇವರೇ, ಬೇರೆ ಏನೂ ಕೇಳಲ್ಲ, ಅವಳು ಕ್ಲಾಸಿನಲ್ಲಿ ಕೂತಿರಲಿ, ಅಷ್ಟೇ ಸಾಕು ಎಂದು ಬಾಯಿ ಬಿಟ್ಟೇ ಹೇಳಿಕೊಂಡು ರಸ್ತೆ ದಾಟಿದಳು.

ಗೇಟಿನವನು ಅಡ್ಡ ಬಂದ. "ಪೋಷಕರಿಗೆ ಎರಡು ಗಂಟೆ ಮೇಲೆ ಕಣಮ್ಮ."

"ಒಳಗೆ ಬಿಡ್ಬೇಡಿ, ಬೇಡ. ನನ್ನ ಮಗಳು ಬಂದಿದ್ದಾಳಾ ಇಲ್ವಾ, ಅದೊಂದು ನೋಡಿ ಹೇಳಿ."

ಅವಳ ಮುಖ ನೋಡಿ ಅವನು ಮಗಳ ತರಗತಿ ಕೇಳಿಕೊಂಡು ಆಫೀಸಿನ ಕಿಟಕಿಯಿಂದ ಹಾಜರಿ ಪುಸ್ತಕ ಇಸಿದುಕೊಂಡ. ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದ. ಬೆರಳು ಒಂದು ಕಡೆ ನಿಂತಿತು. ಇನ್ನೊಮ್ಮೆ ಮೇಲಿನಿಂದ ಬಂದ.

"ಇಲ್ಲಮ್ಮ. ಇವತ್ತು ಬಂದಿಲ್ಲ."

ಅತ್ತಳೋ ಕೂಗಿದಳೋ, ಅವಳಿಗೇ ತಿಳಿಯಲಿಲ್ಲ. ಒಳಗಿನಿಂದ ಗುಮಾಸ್ತೆ ಹೆಂಗಸು ಕಿಟಕಿಗೆ ತಲೆ ಹಾಕಿದಳು. "ಯಾರು, ಆ ಉದ್ದ ಜಡೆ ಹುಡುಗೀನಾ? ಅಯ್ಯೋ, ಅವಳು ವಿಶ್ವಸಾಹಿತ್ಯದವಳು ಅಲ್ವೇನ್ರೀ! ಗುರುವಾರ ಆ ಹದಿನಾಲ್ಕು ಜನ ಸೀದಾ ಮೇಲಿನ ಲೈಬ್ರರಿಗೆ ಹೋಗ್ತಾರೆ. ಅವರ ಹಾಜರಿ ಅಲ್ಲೇ, ಮೇಷ್ಟ್ರ ಹತ್ರ. ನೀನೊಬ್ಬ, ಹೆದರಿಸಿಬಿಟ್ಟೆಯಲ್ಲೋ ಅವರನ್ನ."

ಮೂರು ಮಹಡಿ ಹತ್ತಿದಳು. ಲೈಬ್ರರಿಯ ಬಾಗಿಲಿಗೆ ಅಂಗೈಯಗಲದ ಗಾಜಿತ್ತು. ಒಳಗೆ ಉದ್ದ ಮೇಜು, ಸುತ್ತ ಮಕ್ಕಳು. ಈ ಕಡೆಗೆ ಬೆನ್ನು ಮಾಡಿ ಕೂತಿದ್ದವಳ ಜಡೆ ಕುರ್ಚಿಯ ಹಿಂದೆ ಇಳಿಬಿದ್ದಿತ್ತು, ತುದಿಗೆ ಇವತ್ತು ಬೆಳಿಗ್ಗೆ ತಾನೇ ಕಟ್ಟಿದ ಕಪ್ಪು ರಬ್ಬರ್ ಬ್ಯಾಂಡು. ಹೋದ ಜೀವ ಬಂದಂತಾಯಿತು. ಬಾಗಿಲಿಗೆ ಹಣೆ ಒತ್ತಿ ನಿಂತುಕೊಂಡಳು. ಬಾಗಿಲು ಕದಲಿ, ಒಳಗಿದ್ದ ಮೇಷ್ಟ್ರು ತೆರೆದೇಬಿಟ್ಟರು.

ತೆಳ್ಳಗಿನ ಮನುಷ್ಯ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕಿವಿಯ ಹಿಂದಿನ ಕಡ್ಡಿ ಸಡಿಲವಾಗಿದೆ ಎಂದು ಆ ಸ್ಥಿತಿಯಲ್ಲೂ ಅವಳಿಗೆ ಕಂಡಿತು. ಅವಳು ಕೈಯಲ್ಲಿ ಮುದ್ದೆಯಾಗಿದ್ದ ಹಾಳೆಯನ್ನು ಚಾಚಿದಳು. ಅವರು ಬಾಗಿಲನ್ನು ಹಿಂದೆ ಎಳೆದುಕೊಂಡು, ಎರಡು ಸಾಲು ಓದಿ, ಅವಳ ಮುಖ ನೋಡಿದರು.

"ಅಯ್ಯಯ್ಯೋ. ಇದು... ಕೂತ್ಕೊಳ್ಳಿ ತಾಯಿ, ಮೊದಲು ಕೂತ್ಕೊಳ್ಳಿ. ಇದು ಕ್ಲಾಸಿಗೆ ಬರೆದಿದ್ದು. ಇಲ್ಲಿ ನೋಡಿ."

ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಇರುವೆಯಷ್ಟು ಸಣ್ಣಗೆ 'ರಚನೆ ೬, ಕರಡು' ಎಂದಿತ್ತು. ಅವಳ ಓದುವ ಕನ್ನಡಕ ಅಂಗಡಿಯಲ್ಲಿತ್ತು. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸುವವಳು ತನ್ನ ಕಣ್ಣಿಗಿಲ್ಲದೆ ಓದಿ ಅರ್ಧ ಊರು ಓಡಿ ಬಂದಿದ್ದಳು.

ಮೇಷ್ಟ್ರು ಪಿಸುದನಿಯಲ್ಲಿ ವಿವರಿಸಿದರು. ಮಕ್ಕಳು ಒಂದು ಚಳಿ ದೇಶದ ಕಾದಂಬರಿ ಓದುತ್ತಿದ್ದಾರೆ. ಸಮುದ್ರದ ನಡುವೆ ಒಂದು ದೀಪಸ್ತಂಭ, ಅದನ್ನು ಕಾಯುವವನ ಹೆಂಡತಿ ಒಂದು ದಿನ ಮಗಳನ್ನು ಬಿಟ್ಟು ದೋಣಿ ಹತ್ತಿ ಹೋಗುತ್ತಾಳೆ. ಮೇಜಿನ ಮೇಲೆ ಪತ್ರ ಇತ್ತು ಎಂದಷ್ಟೇ ಕಾದಂಬರಿಯಲ್ಲಿದೆ, ಪತ್ರದಲ್ಲಿ ಏನಿತ್ತು ಎಂದು ಎಲ್ಲೂ ಇಲ್ಲ. ಆ ಪತ್ರವನ್ನು ಮಕ್ಕಳು ಬರೆಯಬೇಕು. ನಿಜವಾದ ಪತ್ರದ ಕಾಗದದಲ್ಲೇ ಬರೆಯಬೇಕು, ಕಾದಂಬರಿಯ ಹೆಸರುಗಳಾಗಲಿ ತಮ್ಮ ಹೆಸರಾಗಲಿ ಹಾಕಬಾರದು, ಕವರಿನಲ್ಲಿಟ್ಟು ಪೆಟ್ಟಿಗೆಗೆ ಹಾಕಬೇಕು. ಒಬ್ಬರದನ್ನು ಇನ್ನೊಬ್ಬರು ಓದುತ್ತಾರೆ. ಯಾರದೆಂದು ಯಾರೂ ಕೇಳುವಂತಿಲ್ಲ, ಬರೆದವರೂ ಬಾಯಿ ಬಿಡುವಂತಿಲ್ಲ. ಅದು ಈ ತರಗತಿಯ ಕಟ್ಟುಪಾಡು.

"ತಪ್ಪು ನನ್ನದೇ. ಮನೆಯವರಿಗೆ ಒಂದು ಮಾತು ತಿಳಿಸಬೇಕಿತ್ತು. ಬನ್ನಿ, ಒಳಗೆ ಕೂತು ಸುಧಾರಿಸಿಕೊಳ್ಳಿ. ನೀರು ಕೊಡ್ತೀನಿ."

ನಗು ಬಂದುಬಿಟ್ಟಿತು ಅವಳಿಗೆ. ಸೆರಗಿನಿಂದ ಮುಖ ಒರೆಸಿಕೊಂಡು, ಕಪಾಟಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮಗಳು ತಿರುಗಿ ನೋಡಿದಳು. ಅಮ್ಮನನ್ನು ಅಲ್ಲಿ ಕಂಡ ಮಗಳ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತು. ನಾಚಿಕೆಯಿರಬೇಕು, ಈ ವಯಸ್ಸಿಗೆ ಅಮ್ಮಂದಿರು ಎದುರಿಗೆ ಬಂದರೇ ನಾಚಿಕೆ ಎಂದುಕೊಂಡು ಅವಳು ನೀರು ಕುಡಿದಳು.

ಪೆಟ್ಟಿಗೆಯಿಂದ ಕವರು ಎತ್ತಿದ್ದು ನೆಗಡಿಯಾದ ಒಬ್ಬ ಹುಡುಗಿ. ಮೂಗು ಒರೆಸಿಕೊಂಡು ಓದತೊಡಗಿದಳು. "ನೀನು ಇದನ್ನು ಓದುವ ಹೊತ್ತಿಗೆ ನಾನು ಹೊರಟುಹೋಗಿರುತ್ತೇನೆ..."

ತನ್ನ ಮಗಳದು! ಅಮ್ಮ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿದಳು. ಮೊದಲ ಹಾಳೆ ಅವಳಿಗೆ ಬಾಯಿಪಾಠವಾಗಿತ್ತು. ಎರಡನೆಯದು ಬಂತು.

"ನೀರಿನ ಹತ್ತಿರ ಹೋದಾಗ ನನ್ನನ್ನು ನೆನೆಸಿಕೊಳ್ಳಬೇಡ, ಬಿದ್ದೀಯೆ. ಕಂದು ಬ್ಯಾಗನ್ನು ತೆಗೆದುಕೊಂಡು ಹೋಗುತ್ತಿದ್ದೇನೆ. ಅದರ ಹಿಡಿ ಕಿತ್ತುಹೋಗಿತ್ತು, ಹಸಿರು ದಾರದಿಂದ ನಾನೇ ಹೊಲಿದೆ, ನೀನು ನೋಡಿದ್ದೀಯ. ಒಂದು ಸಲ ಇದನ್ನು ಹಿಡಿದುಕೊಂಡು ದೋಣಿಕಟ್ಟೆಯ ಮೇಲೆ ನಾಲ್ಕು ಗಂಟೆ ಕೂತಿದ್ದೆ. ಅವತ್ತು ವಾಪಸ್ ಬಂದು, ಕೆಲಸ ಜಾಸ್ತಿ ಇತ್ತು ಎಂದು ನಿನಗೆ ಸುಳ್ಳು ಹೇಳಿದೆ. ನೀನು ನಂಬಿದ ಹಾಗೆ ಮಾಡಿದೆ. ಆಮೇಲೆ ಬ್ಯಾಗನ್ನು ಬೀರುವಿನ ಮೇಲಿಟ್ಟೆ. ಬಿಚ್ಚಲಿಲ್ಲ. ಬಿಚ್ಚದ ಬ್ಯಾಗು ಎಂದರೆ ಏನರ್ಥವೆಂದು ನಿನಗೂ ಗೊತ್ತಿತ್ತು, ಅಲ್ಲವೇ?"

ನೆಗಡಿಯ ಹುಡುಗಿ ಅಲ್ಲಿ ನಿಲ್ಲಿಸಿ ಸೊರ್ರೆಂದು ಮೂಗೇರಿಸಿದಳು. ಯಾರೋ ಕಿಸಕ್ಕೆಂದರು.

ಆ ಬ್ಯಾಗು ಅಮ್ಮನದೇ. ಗ್ಲಾಸನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ನಡುವೆ ಹಿಡಿದುಕೊಂಡಳು. ಆ ದಿನದ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಐದು ವರ್ಷ ಅವಳು ಯಾರ ಹತ್ತಿರವೂ, ಒಡಹುಟ್ಟಿದ ಅಕ್ಕನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಈಗ ಹದಿನಾಲ್ಕು ಮಕ್ಕಳ ನಡುವೆ ಅದನ್ನು ಯಾರೋ ಮೂಗೇರಿಸುತ್ತ ಓದುತ್ತಿದ್ದರು. ಮಗಳ ಬೆನ್ನು ಅಲುಗಾಡಲಿಲ್ಲ. ಜಡೆಯ ತುದಿ ಮಾತ್ರ ಸಣ್ಣಗೆ ನಡುಗುತ್ತಿತ್ತು.

"ಏನನ್ನಿಸ್ತು?" ಎಂದರು ಮೇಷ್ಟ್ರು.

"ಬರೆದೋರಿಗೆ ಆ ಹೆಂಗಸಿನ ಮೇಲೆ ತುಂಬಾ ಕೋಪ ಇದೆ ಸಾರ್" ಎಂದ ಒಬ್ಬ.

"ಕೋಪ ಅಲ್ಲ, ಭಯ" ಎಂದಳು ನೆಗಡಿಯವಳು.

"ಹೂಂ. ಭಯಾನೇ." ಮೇಷ್ಟ್ರು ಹಾಳೆಯನ್ನು ಇಸಿದುಕೊಂಡರು. "ಭಾಷೆ ಚೆನ್ನಾಗಿದೆ. ಒಂದು ಕೊರತೆ ಇದೆ, ಹುಡುಕಿ ನೋಡೋಣ. ಬ್ಯಾಗಿನ ಬಣ್ಣ ಇದೆ, ದಾರ ಇದೆ, ಎಲ್ಲಿಟ್ಟಿದ್ದು ಅನ್ನೋದೂ ಇದೆ. ಏನಿಲ್ಲ?"

ಮೇಷ್ಟ್ರು ಹಾಳೆಯನ್ನು ಮೇಜಿನ ಮೇಲಿಟ್ಟರು.

"ಬ್ಯಾಗಿನೊಳಗೆ ಏನಿದೆ ಅನ್ನೋದು ಇಲ್ಲ. ತುಂಬಿದವಳಿಗೆ ಅದೇ ತಾನೇ ಮೊದಲು ನೆನಪಾಗೋದು? ಇದು ಹೋಗೋಳು ಬರೆದ ಪತ್ರ ಅಲ್ಲ. ಉಳಿದವರು ಹೊರಗಡೆಯಿಂದ ನೋಡ್ತಾ ನೋಡ್ತಾ ಬರೆದದ್ದು. ಬರೆದವರು ಯಾರೇ ಆಗಿರಲಿ, ಮುಂದಿನ ವಾರಕ್ಕೆ ಮತ್ತೆ ಬರೀರಿ. ಬ್ಯಾಗು ಬಿಚ್ಚಿ ನೋಡಿ, ಆಮೇಲೆ ಬರೀರಿ."

ಗಂಟೆ ಹೊಡೆಯಿತು. ಮಕ್ಕಳು ದಡದಡ ಇಳಿದುಹೋದರು. ಮಗಳು ಅಮ್ಮನ ಎದುರು ನಿಂತಳು, ಎದೆಗೆ ಪುಸ್ತಕ ಒತ್ತಿಕೊಂಡು.

"ಯಾಕೆ ಬಂದೆ ಅಮ್ಮ?"

"ಪೆನ್ನು... ನಿನ್ನ ಪೆನ್ನು ಬೇಕಿತ್ತು."

"ಪೆನ್ನಿಗೆ ಇಲ್ಲೀ ತನಕ ಬಂದ್ಯಾ?"

"ಊಟ ಸರಿಯಾಗಿ ಮಾಡು" ಎಂದು ಹೇಳಿ ಅಮ್ಮ ಮೆಟ್ಟಿಲಿಳಿದಳು. ಹಿಂದೆಯೇ ಬಂದ ಮೇಷ್ಟ್ರಿಗೆ, "ಸಾರ್, ಅಂಗಡಿಗೆ ಬನ್ನಿ, ಕನ್ನಡಕದ ಕಡ್ಡಿ ಬಿಗಿ ಮಾಡಿಕೊಡ್ತೀನಿ" ಎಂದಳು. ಅವರು ಗಾಬರಿಯಿಂದ ಕನ್ನಡಕ ಮೇಲೇರಿಸಿಕೊಂಡರು.

ಆ ದಿನ ಅವಳು ಬ್ಯಾಂಕಿನ ಮೇಡಂ ಅವರ ಎಡಗಣ್ಣಿನ ಗಾಜನ್ನು ತಪ್ಪಾಗಿ ಕೊರೆದಳು. ಚುಕ್ಕೆ ಒಂದು ಕಡೆ, ಗಾಜಿನ ನಡು ಇನ್ನೊಂದು ಕಡೆ. ಯಜಮಾನರು ಬೈಯಲೂ ಇಲ್ಲ, ಅವಳ ಮುಖ ನೋಡಿ, "ಮನೆಗೆ ಹೋಗಮ್ಮ, ಜ್ವರ ಬಂದ ಹಾಗಿದೀಯ" ಎಂದರು.

ಹಾಗಾಗಿ ಎಷ್ಟೋ ವರ್ಷಗಳ ಮೇಲೆ, ಮಗಳು ಶಾಲೆಯಿಂದ ಬರುವ ಹೊತ್ತಿಗೆ ಅವಳು ಮನೆಯಲ್ಲಿದ್ದಳು. ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತಿದ್ದಳು. ಬೀಗ ತೆಗೆದ ಸದ್ದು ಕೇಳಿತು. ಮಗಳು ಬೂಟು ಬಿಚ್ಚಲಿಲ್ಲ, ಚೀಲ ಕೆಳಗಿಡಲಿಲ್ಲ. ಸೀದಾ ಮಲಗುವ ಕೋಣೆಗೆ ಹೋಗಿ, ಬೀರುವಿನ ಮುಂದೆ ತುದಿಗಾಲಲ್ಲಿ ನಿಂತು, ಕೈ ಮೇಲೆ ಚಾಚಿ ಕಂದು ಬ್ಯಾಗನ್ನು ಮುಟ್ಟಿದಳು. ಮುಟ್ಟಿ, ಉಸಿರು ಬಿಟ್ಟಳು. ಆಮೇಲೆ ಮಂಚದ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದಳು.

ಅಮ್ಮ ಕೋಣೆಯ ಬಾಗಿಲಿಗೆ ಬಂದಳು. "ದಿನಾ ನೋಡ್ತೀಯಾ?"

ಮಗಳು ಬೆಚ್ಚಿಬಿದ್ದಳು.

"ಹೂಂ. ಐದನೇ ಕ್ಲಾಸಿಂದ."

"ಅವತ್ತು ನೀನು ನನ್ನ ನೋಡಿದ್ದು ಎಲ್ಲಿ?"

"ಬಸ್‌ಸ್ಟ್ಯಾಂಡಲ್ಲಿ. ಯಾರೋ ತೀರಿಕೊಂಡ್ರು ಅಂತ ಸ್ಕೂಲು ಹನ್ನೆರಡಕ್ಕೇ ಬಿಟ್ರು. ವ್ಯಾನಿಂದ ಕಾಣಿಸ್ತು. ನೀನು ಬ್ಯಾಗಿಟ್ಕೊಂಡು ಕೂತಿದ್ದೆ. ಹಿಂದಿನ ರಾತ್ರಿ ಅಪ್ಪ ತಟ್ಟೆ ಎಲ್ಲಾ ಒಡೆದಿದ್ರಲ್ಲ... ಕೂಗಿದೆ ಅಮ್ಮ. ನಿನಗೆ ಕೇಳಿಸ್ಲಿಲ್ಲ. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದೆ. ಸಂಜೆ ನೀನು ಬಂದೆ. ಅಂಗಡೀಲಿ ಕೆಲಸ ಇತ್ತು ಅಂದೆ."

"ಯಾವತ್ತೂ ತೆಗೆದು ನೋಡ್ಲಿಲ್ವಾ? ಒಳಗೇನಿದೆ ಅಂತ?"

"ಭಯ." ಮಗಳು ತಲೆ ಎತ್ತಲಿಲ್ಲ. "ಜಿಪ್ ಎಳೆದ್ರೆ ನಿನಗೆ ಗೊತ್ತಾಗತ್ತೆ. ನನಗೆ ಗೊತ್ತು ಅಂತ ನಿನಗೆ ಗೊತ್ತಾದ್ರೆ, ಅವತ್ತೇ ಹೊರಟುಬಿಡ್ತೀಯೇನೋ ಅಂತ."

ಅಮ್ಮ ಸ್ಟೂಲು ತಂದಳು. ಮೇಲೆ ಹತ್ತಿ, ಹಸಿರು ದಾರದ ಹಿಡಿಗೆ ಕೈ ಹಾಕಿ ಬ್ಯಾಗನ್ನು ಇಳಿಸಿದಳು. ಧೂಳು ಹಾರಿತು, ಇಬ್ಬರೂ ಸೀನಿದರು. ಜಿಪ್ಪು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. "ಥತ್, ಇದೊಂದು" ಎಂದು ಬಲವಾಗಿ ಎಳೆದಳು.

ಮೇಲೆ ಅವಳ ಎರಡು ಸೀರೆ. ಅದರ ಕೆಳಗೆ ಹನ್ನೊಂದು ವರ್ಷದ ಹುಡುಗಿಯ ಸಾಕ್ಸು ಮೂರು ಜೊತೆ, ಒಳ ಉಡುಪು, ಎರಡು ಶಾಲೆಯ ಅಂಗಿ. ಆನೆಯ ಚಿತ್ರವಿದ್ದ ಪುಟ್ಟ ಹಲ್ಲುಜ್ಜುವ ಬ್ರಷ್ಷು. ಐದನೇ ಕ್ಲಾಸಿನ ಅಂಕಪಟ್ಟಿ. ಎಲ್ಲದರ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಹಳದಿ ಫ್ರಾಕು.

ಮಗಳು ಅದನ್ನು ಎತ್ತಿಕೊಂಡಳು. "ಇದು... ಇದು ಕಳೆದುಹೋಯ್ತು ಅಂದಿದ್ದೆ."

"ಇನ್ನೇನು ಹೇಳ್ಲಿ? ಬಿಚ್ಚೋಕೆ ಮನಸ್ಸಾಗ್ಲಿಲ್ಲ." ಅಮ್ಮನ ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. "ನಿನ್ನ ಸ್ಕೂಲು ಬಿಡೋದು ನಾಲ್ಕಕ್ಕೆ. ಹಾಗಂತ ಬಸ್‌ಸ್ಟ್ಯಾಂಡಲ್ಲಿ ಕಾಯ್ತಾ ಕೂತಿದ್ದೆ. ನಾಲ್ಕು ಗಂಟೆಗೆ ಗೇಟ್ ಹತ್ರ ಬಂದೆ. ಬೀಗ ಹಾಕಿತ್ತು. ನೀನಿಲ್ಲ. ಹುಚ್ಚಿ ಥರ ಓಡಿ ಬಂದೆ ಕಣೇ, ಇವತ್ತು ಓಡಿ ಬಂದ ಹಾಗೇ. ನೀನು ಮೆಟ್ಟಿಲ ಮೇಲೆ ಕೂತಿದ್ದೆ, ಮೈ ಸುಡ್ತಿತ್ತು. ಆಮೇಲೆ ಮತ್ತೆ ಧೈರ್ಯ ಬರ್ಲಿಲ್ಲ."

ಮಗಳು ಫ್ರಾಕನ್ನು ಭುಜಕ್ಕೆ ಹಿಡಿದು ನೋಡಿದಳು. ಸೊಂಟದವರೆಗೂ ಬರಲಿಲ್ಲ. ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು, ಆ ಹನ್ನೊಂದು ವರ್ಷದವಳು ಅಳಬೇಕಾಗಿದ್ದ ಹಾಗೆ. ಅಮ್ಮ ಅವಳ ಜಡೆಯ ಮೇಲೆ ಕೈಯಾಡಿಸುತ್ತ ಕೂತಳು.

ಆಚೆ ಕೋಣೆಯಲ್ಲಿ ಫೋನ್ ಸದ್ದು ಮಾಡಿತು. ಇಬ್ಬರೂ ಒಟ್ಟಿಗೆ ಬೆಚ್ಚಿದರು. ಅಮ್ಮ ಹೋಗಿ ನೋಡಿ ಬಂದಳು.

"ಅಪ್ಪ. ಬೆಳಿಗ್ಗೆ ಆರಕ್ಕೆ ಬರ್ತಾರಂತೆ. ಬಿಸಿನೀರು ಕಾಯಿಸಿಡಬೇಕಂತೆ."

ಮಗಳು ಮುಖ ಒರೆಸಿಕೊಂಡು ಎದ್ದಳು. ಬ್ಯಾಗಿನಿಂದ ಸಾಕ್ಸು, ಅಂಗಿ, ಬ್ರಷ್ಷು ಒಂದೊಂದೇ ತೆಗೆದು ಮಂಚದ ಮೇಲಿಟ್ಟಳು. ಬೀರು ತೆರೆದು ತನ್ನ ಈಗಿನ ಎರಡು ಜೊತೆ ಬಟ್ಟೆ ಹೊರಗೆಳೆದಳು. ಹಾಸಿಗೆ ಮಡಚಲು ಬಾರದ ಹುಡುಗಿ ತೋಳಿಗೆ ತೋಳು ಕೂಡಿಸಿ, ಅಂಚಿಗೆ ಅಂಚು ಸೇರಿಸಿ ಮಡಚಿ, ಅಮ್ಮನ ಸೀರೆಯ ಪಕ್ಕದಲ್ಲಿ ಒತ್ತಿ ಇಟ್ಟಳು. ದೀಪಸ್ತಂಭದ ಕಾದಂಬರಿಯನ್ನೂ ಬದಿಗೆ ತುರುಕಿದಳು. ಅಮ್ಮ ನೋಡುತ್ತ ನಿಂತಿದ್ದಳು, ಬೇಡ ಎನ್ನಲಿಲ್ಲ. ಆಮೇಲೆ ಅವಳೇ ಬಗ್ಗಿ, ಸಿಕ್ಕಿಕೊಳ್ಳುವ ಜಿಪ್ಪಿಗೆ ಒಂದಿಷ್ಟು ಮೇಣ ಉಜ್ಜಿ, ಎರಡು ಸಲ ಎಳೆದು ನೋಡಿದಳು. ಸಲೀಸಾಗಿ ಓಡಿತು.

ಮಗಳು ಸ್ಟೂಲು ಹತ್ತಿ ಬ್ಯಾಗನ್ನು ಬೀರುವಿನ ಮೇಲಿಟ್ಟಳು. ಇಟ್ಟು, ಒಂದು ಕ್ಷಣ ಯೋಚಿಸಿ, ಹಸಿರು ದಾರದ ಹಿಡಿ ಕೈಗೆ ಸಿಗುವಂತೆ ಈಚೆ ಕಡೆಗೆ ತಿರುಗಿಸಿದಳು.